ಮಾರೆಪ್ಪನ ಎಡ ಮೊಣಕಾಲು

ತೀನ್ ಕಂದೀಲ್ ವೃತ್ತದ ಹತ್ತಿರದ ಔಷಧಿ ಅಂಗಡಿಯಿಂದ ಹೋದ ವಾರ ಮೊಣಕಾಲಿಗೆ ಹಾಕಿಕೊಳ್ಳುವ ಪಟ್ಟಿಯೊಂದನ್ನು ತಂದೆ. ಪಟ್ಟಿ ಅಂದರೆ ಪಟ್ಟಿಯಲ್ಲ, ಎರಡೂ ಕಡೆ ಬಾಯಿ ತೆರೆದ ಕಾಲುಚೀಲ ಅನ್ನಿ. ಚರ್ಮದ ಬಣ್ಣದ್ದು ಎಂದು ಡಬ್ಬಿಯ ಮೇಲೆ ಬರೆದಿದೆ. ಯಾರ ಚರ್ಮವೋ, ರಾಯಚೂರಿನವರದಂತೂ ಅಲ್ಲ. ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತಿ ಕೊಡುವಷ್ಟರಲ್ಲಿ ನಾನು ಮೂರು ಸಲ ಬಿಚ್ಚಿಸಿ ನೋಡಿದೆ. ಯಾರೋ ಒಯ್ದು, ಹಾಕಿ, ಸರಿಹೋಗದೆ ಹಿಂದಕ್ಕೆ ಕೊಟ್ಟದ್ದನ್ನು ನನಗೆ ದಾಟಿಸುತ್ತಿದ್ದಾನೆ ಎಂದು ನನ್ನ ಗುಮಾನಿ. ಮೂಸಿಯೂ ನೋಡಿದೆ. ಅಂಗಡಿಯವನಿಗೆ ನಾನು ಹೊಸಬನಲ್ಲ.

"ಸಾಹೇಬ್ರ, ಇದು ಮೊಣಕಾಲಿಂದು, ಮಲ್ಲಿಗಿ ಹೂವಲ್ಲ" ಎಂದ.

ಏನು ಮಾಡಲಿ ಹೇಳಿ, ನಂಬಿಕೆ ನನಗೆ ಬೇಗ ಬರುವುದಿಲ್ಲ. ಕೆಲವರಿಗೆ ಅಜ್ಜಿಯಿಂದ ಬಂಗಾರ ಬರುತ್ತದೆ, ಕೆಲವರಿಗೆ ಕಥೆ ಬರುತ್ತದೆ. ನನಗೆ ಬಂದದ್ದು ಅನುಮಾನ. ನಾಲ್ಕನೇ ತರಗತಿಯವರೆಗೆ ನಾನು ದೇವದುರ್ಗದಲ್ಲಿ ಅಜ್ಜಿಯ ಮನೆಯಲ್ಲೇ ಬೆಳೆದವನು. ಹಾಲಿನವಳು ಬರುವ ಹೊತ್ತಿಗೆ ಸರಿಯಾಗಿ ಅಜ್ಜಿ ಹೊಸ್ತಿಲಿಗೆ ಬಂದು ನಿಲ್ಲುವಳು. ಹಾಲು ತಗೊಳ್ಳುವುದಕ್ಕಲ್ಲ, ಹಾಲಿನವಳು ಹಟ್ಟಿಯ ಕಡೆಯಿಂದ ಬಂದಳೋ ಬಾವಿಯ ಕಡೆಯಿಂದ ಬಂದಳೋ ನೋಡುವುದಕ್ಕೆ. ಬೆಲ್ಲದ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಅದಕ್ಕೊಂದು ಗಂಟು ಹಾಕುತ್ತಿದ್ದಳು. ಆ ಗಂಟು ಅವಳದೇ ಒಂದು ತರಹ, ಬೇರೆಯವರು ಬಿಚ್ಚಿ ಕಟ್ಟಿದರೆ ತಿಳಿದುಬಿಡುತ್ತಿತ್ತು. ಒಂದು ಬೇಸಿಗೆ ಪೂರ್ತಿ ನಾನು ಹಳೇ ಧೋತರದ ಚೂರಿನ ಮೇಲೆ ಆ ಗಂಟನ್ನು ಕಲಿತೆ, ಬೆಲ್ಲವನ್ನೂ ತಿಂದೆ. ಅವತ್ತಿನಿಂದ ಯಾವ ಗಂಟನ್ನು ಕಂಡರೂ ಇದನ್ನು ಯಾರೋ ಬಿಚ್ಚಿ ಕಟ್ಟಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ.

ಅಜ್ಜಿಯ ಇನ್ನೊಂದು ವಿದ್ಯೆ ಹೇಳಬೇಕು. ಶಾಲೆಗೆ ಹೋಗುವ ಮನಸ್ಸಿಲ್ಲದ ದಿನ ನಾನು ಹೊಟ್ಟೆ ಹಿಡಿದುಕೊಂಡು ಮಲಗಿದರೆ, ಖರೇನೋ ಸುಳ್ಳೋ ಎಂದು ಅವಳು ಕೇಳುತ್ತಲೇ ಇರಲಿಲ್ಲ. ಸುಮ್ಮನೆ ಒಲೆ ಹಚ್ಚಿ ಶೇಂಗಾ ಹೋಳಿಗೆ ಮಾಡಲು ಕೂರುತ್ತಿದ್ದಳು. ವಾಸನೆಗೆ ನಾನು ಎದ್ದು ಕೂರುತ್ತಿದ್ದೆ. ತಾಟು ಮುಂದಿಟ್ಟು, ನಾನು ಎರಡು ತಿನ್ನುವತನಕ ಬಿಟ್ಟು, ಮೂರನೆಯದಕ್ಕೆ ಕೈ ಹಾಕಿದಾಗ ಪಾಟಿಚೀಲ ತಂದು ಹೆಗಲಿಗೆ ಹಾಕುತ್ತಿದ್ದಳು. "ಕೇಳಿದ್ರ ನೀ ನೋಯ್ತದ ಅಂತಿದ್ದಿ. ಅದಕ್ಕ ಕೂಡಿಸಿ ನೋಡಿದೆ" ಎನ್ನುವಳು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇದರಿಂದ ಮುಂದೆ ಒಬ್ಬನ ಕಾಲು ಹೋಯಿತು.

ನಾನು ಹೇಳಹೊರಟದ್ದು ಮೊಣಕಾಲಿನ ವಿಷಯ. ಈಗಿನ ಹುಡುಗರ ಕೈಯಲ್ಲೆಲ್ಲ ಕ್ರಿಕೆಟ್ ಬ್ಯಾಟು. ನಾವು ಕಾಲೇಜಿನಲ್ಲಿದ್ದಾಗ, ಎಪ್ಪತ್ತರ ದಶಕದ ನಡುವಿನಲ್ಲಿ, ರಾಯಚೂರಿನಲ್ಲಿ ಆಟ ಅಂದರೆ ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ, ನಿಂಬೆಹಣ್ಣಿಗಿಂತ ತುಸು ದೊಡ್ಡ ಚೆಂಡು. ನೆಲಕ್ಕೆ ಬಿದ್ದರೆ ಪುಟಿಯುವುದಿಲ್ಲ, ಬಿದ್ದಲ್ಲೇ ಮಲಗುತ್ತದೆ. ಆದ್ದರಿಂದ ಬೀಳುವ ಮೊದಲೇ ಹೊಡೆಯಬೇಕು. ಅಂದರೆ ಒಂದು ಕಾಲು ಮುಂದೆ ಚಾಚಿ ನೆಲದವರೆಗೆ ಕುಸಿಯಬೇಕು, ಹೊಡೆದ ಮರುಕ್ಷಣ ಗಿರಕ್ಕನೆ ಹಿಂದಕ್ಕೆ ತಿರುಗಬೇಕು. ಮೈ ತಿರುಗುತ್ತದೆ, ನಮ್ಮ ಮೊರಮ್ ಜಲ್ಲಿಮಣ್ಣಿನ ನೆಲವನ್ನು ಕಚ್ಚಿ ಹಿಡಿದ ಕ್ಯಾನ್ವಾಸ್ ಬೂಟು ತಿರುಗುವುದಿಲ್ಲ. ಇವೆರಡರ ನಡುವೆ ಇರುವುದು ಮೊಣಕಾಲು. ಜಗಳ ಬಿಡಿಸಲು ಹೋದವನಿಗೇ ಏಟು ಬೀಳುವ ಹಾಗೆ ಅದಕ್ಕೇ ಬೀಳುತ್ತದೆ.

ನಮ್ಮ ತಂಡದಲ್ಲಿ ಒಬ್ಬನಿಗೆ ಚಿಪ್ಪಿನ ಕೆಳಗೆ ಸದಾ ನೋವು, ಕಾಲೇಜಿನ ಮೆಟ್ಟಿಲು ಇಳಿಯುವಾಗ ಮುದುಕನಂತೆ ಗೋಡೆ ಹಿಡಿಯುವನು. ಇನ್ನೊಬ್ಬನಿಗೆ ನೀರು ತುಂಬಿ ಮೊಣಕಾಲು ಕುಂಬಳಕಾಯಿಯಷ್ಟು ಆಗುತ್ತಿತ್ತು. ಎಕ್ಕೆ ಎಲೆ ಬೆಚ್ಚಗೆ ಮಾಡಿ ಕಟ್ಟುವುದು, ಅದಕ್ಕೂ ಇಳಿಯದಿದ್ದರೆ ಸುಣ್ಣ ಬೆಲ್ಲ ಕಲಸಿ ಮೆತ್ತುವುದು, ಇಷ್ಟೇ ನಮಗೆ ಗೊತ್ತಿದ್ದ ವೈದ್ಯ.

ಇದೆಲ್ಲ ನಿಜವಾದ ನೋವು. ಸುಳ್ಳು ನೋವು ಇದಕ್ಕಿಂತ ಹೆಚ್ಚಿತ್ತು. ನಮ್ಮ ಕಡೆಯ ಪಂದ್ಯಗಳಲ್ಲಿ ಒಂದು ರೂಢಿ: ಆಟಗಾರ ಮೊಣಕಾಲು ಹಿಡಿದು ಕೂತರೆ, ಎಲ್ಲರೂ ಒಂದು ಚಹಾ ಕುಡಿಯುವಷ್ಟು ಹೊತ್ತು ಆಟ ನಿಲ್ಲಬೇಕು. ಯಾವ ಪುಸ್ತಕದಲ್ಲೂ ಇಲ್ಲದ ನಿಯಮ, ಆದರೆ ಅದನ್ನು ಮುರಿಯುವ ಧೈರ್ಯ ಯಾವ ಅಂಪೈರಿಗೂ ಇರಲಿಲ್ಲ, ಅವನಿಗೂ ಚಹಾ ಬೇಕಲ್ಲ. ಹೀಗಾಗಿ ಸೋಲುತ್ತಿದ್ದ ತಂಡದವರ ಮೊಣಕಾಲುಗಳು ಬಹಳ ನೋಯುತ್ತಿದ್ದವು. ಗೆಲ್ಲುತ್ತಿದ್ದವನ ಮೊಣಕಾಲು ಕೆಟ್ಟದ್ದನ್ನು ನಾನು ಕಂಡದ್ದಿಲ್ಲ. ನಾನೂ ಹೀಗೆ ಕೂತಿದ್ದೇನೆ. ಒಮ್ಮೆ ಬಲಗಾಲು ಹಿಡಿದು ಕೂತವನು, ಚಹಾ ಬಂದಾಗ ಮರೆತು ಎಡಗಾಲು ಹಿಡಿದುಕೊಂಡಿದ್ದೆ. ಯಾರೂ ನೋಡಲಿಲ್ಲ. ಆದರೆ ಅವತ್ತಿನಿಂದ ನಾನು ಮಾತ್ರ ಎಲ್ಲರ ಕಾಲನ್ನೂ ನೋಡಲು ಶುರುಮಾಡಿದೆ.

ಡಬಲ್ಸಿನಲ್ಲಿ ನನ್ನ ಜೋಡಿ ಮಾರೆಪ್ಪ. ಮಾನ್ವಿ ತಾಲೂಕಿನ ಕಲ್ಲೂರಿನವನು. ಅವನ ಅವ್ವ, ಅಪ್ಪ ಹೊಲದ ಕೂಲಿಗೆ ಹೋಗುವವರು, ಮನೆ ಊರ ಹೊರಗಿನ ಓಣಿಯಲ್ಲಿ. ರಾಯಚೂರಿನಲ್ಲಿ ಸರಕಾರಿ ಹಾಸ್ಟೆಲ್ಲಿನಲ್ಲಿದ್ದು ನನ್ನ ಜತೆಯೇ ಬಿ.ಎ. ಓದುತ್ತಿದ್ದ. ಕಪ್ಪಗೆ, ಉದ್ದಕ್ಕೆ, ಮಾತು ಕಡಿಮೆ. ಅವನು ಹಿಂದೆ ಆಡುವನು, ನಾನು ನೆಟ್ಟಿನ ಹತ್ತಿರ. ನನ್ನ ತಲೆಯ ಮೇಲೆ ಹೋದ ಚೆಂಡುಗಳೆಲ್ಲ ಅವನ ಪಾಲಿಗೆ. ನಾನು ಮುಂದೆ ನಿಂತು ಹೆಸರು ಮಾಡಿದೆ, ಅವನು ಹಿಂದೆ ಓಡಿ ಪಾಯಿಂಟು ಮಾಡಿದ.

ಇಬ್ಬರಿಗೂ ಒಂದೇ ವಯಸ್ಸು. ಆದರೂ ಅವನು ನನ್ನನ್ನು ಚಂದ್ರಣ್ಣ ಎನ್ನುವನು, ನೀವು ಎನ್ನುವನು. ನಾನು ಲೇ ಮಾರ್ಯಾ ಎನ್ನುವೆ. ನಮ್ಮದು ವಿಭೂತಿ ಹಚ್ಚುವ ಮನೆತನ, ನಮ್ಮಪ್ಪನಿಗೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಪಾಲು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಆಗ ನನಗೆ ಹೊಳೆದೇ ಇರಲಿಲ್ಲ. ಊರಿನಲ್ಲಿರುವ ಎಲ್ಲದರ ಮೇಲೂ ಗುಮಾನಿ ಪಡುತ್ತಿದ್ದವನು ಅದೊಂದರ ಮೇಲೆ ಮಾತ್ರ ಪಡಲಿಲ್ಲ.

ನಮ್ಮ ಕೊನೆಯ ವರ್ಷ ಮಾನ್ವಿಯಲ್ಲಿ ದೊಡ್ಡ ಪಂದ್ಯಾವಳಿ ಗೊತ್ತಾಯಿತು. ಹೊರಗಿನ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಒಂದು ಡಬಲ್ಸ್ ಜೋಡಿ ಹುಡುಕಿಕೊಂಡು ಬರುತ್ತಾರೆ, ಆರಿಸಿದರೆ ಇಬ್ಬರಿಗೂ ಕಾಯಂ ನೌಕರಿ ಎಂದು ನಮ್ಮ ಪಿ.ಟಿ. ಮಾಸ್ತರು ಹೇಳಿದರು. ನನಗೆ ಗಿರಣಿಯ ತೌಡಿನ ಧೂಳಿನಿಂದ ಪಾರಾಗುವ ಆಸೆ. ಮಾರೆಪ್ಪನಿಗೆ ಅದು ಅವನ ಮನೆತನದ ಮೊದಲ ನೌಕರಿ. ಪಂದ್ಯಕ್ಕೆ ಮೂರು ವಾರ ಇದ್ದಾಗ ಅವನು ಬಂದು ನನ್ನ ಪಕ್ಕದಲ್ಲಿ ನಿಂತುಕೊಂಡ.

"ಚಂದ್ರಣ್ಣ, ಎಡಗಾಲ ಮೊಣಕಾಲಾಗ ಏನೋ ಸಿಕ್ಕೊಂಡಂಗ ಆಗಾಕತ್ತದ್ರಿ. ಮಡಚಿದ್ರ ಒಮ್ಮೊಮ್ಮೆ ಬಿಚ್ಚಂಗಿಲ್ಲ."

"ಯಾವಾಗಿಂದ?"

"ಮೊನ್ನಿ ಹಿಂದ ತಿರುಗಿ ಹೊಡದ್ನಲ್ರಿ, ಆವಾಗ ಒಳಗ ಟಕ್ ಅಂತು."

"ನನಗ ಕೇಳಿಸಲಿಲ್ಲ."

"ನನ್ನ ಮೊಣಕಾಲು ನಿಮಗ ಹೆಂಗ ಕೇಳಿಸ್ತದ್ರಿ?"

ಈ ಪಂದ್ಯ ಬಿಡೋಣ, ಎರಡು ತಿಂಗಳು ಸುಮ್ಮನಿದ್ದರೆ ಸರಿಹೋಗಬಹುದು ಎಂದು ದವಾಖಾನೆಯಲ್ಲಿ ಹೇಳಿದ್ದಾರೆ, ಕಾರ್ಖಾನೆಯವರು ಮುಂದಿನ ವರ್ಷವೂ ಬರುತ್ತಾರಂತೆ ಎಂದ. ನಾನು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನನ್ನ ತಲೆಯಲ್ಲಿ ಅಜ್ಜಿ ಹೊಸ್ತಿಲಿಗೆ ಬಂದು ನಿಂತಿದ್ದಳು.

ಯಾಕೆಂದರೆ ಅದೇ ವಾರ ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ ತಂಡದ ನಾಯಕ ಮಾರೆಪ್ಪನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದುದನ್ನು ನಾನು ಕಂಡಿದ್ದೆ. ಮಾನ್ವಿಯವರಿಗೆ ಹಿಂದೆ ನಿಂತು ಆಡುವವನೊಬ್ಬ ಬೇಕಾಗಿದ್ದ. ಮಾರೆಪ್ಪನದೂ ಮಾನ್ವಿ ತಾಲೂಕು. ಇನ್ನೇನು ಬೇಕು? ನನ್ನನ್ನು ಬಿಟ್ಟು ಅವರ ಜತೆ ಆಡಿ ಕಾರ್ಖಾನೆ ಸೇರುತ್ತಾನೆ, ಅದಕ್ಕೇ ಈ ಮೊಣಕಾಲು. ನಾಲ್ಕು ದಿನ ಅವನ ಹಿಂದೆ ಹಿಂದೆ ನಡೆದು ಅವನ ಕಾಲನ್ನೇ ನೋಡಿದೆ. ಬೆಳಿಗ್ಗೆ ಕುಂಟುತ್ತಾನೆ, ಹತ್ತು ಗಂಟೆಗೆ ಸರಿಯಾಗಿ ನಡೆಯುತ್ತಾನೆ, ಸಂಜೆ ಮತ್ತೆ ಕುಂಟುತ್ತಾನೆ. ಆ ತರಹದ ಏಟು ಹಾಗೆಯೇ ಇರುತ್ತದೆ, ಸಿಕ್ಕಿಕೊಂಡಾಗ ಕುಂಟು, ಬಿಟ್ಟಾಗ ಇಲ್ಲ ಎಂದು ಈಗ ನನಗೆ ಗೊತ್ತು. ಆಗ ಮಾತ್ರ ಬಲಗಾಲು ಎಡಗಾಲು ಮರೆತ ನನ್ನದೇ ನಾಟಕ ಇವನಲ್ಲಿ ಕಂಡಿತು. ಕಳ್ಳನ ಕೈಚಳಕ ಕಳ್ಳನಾದ ನನಗೆ ಗೊತ್ತಿಲ್ಲವೇ ಎಂದು ಒಳಗೊಳಗೇ ಬೀಗಿದೆ.

ಮಾರೆಪ್ಪನನ್ನು ಕೇಳಬಾರದು, ಕೂಡಿಸಿ ನೋಡಬೇಕು ಎಂದು ತೀರ್ಮಾನಿಸಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಹೋದೆ.

"ಅವ್ವಾ, ಐತಾರ ಮಾರೆಪ್ಪನ್ನ ಊಟಕ್ಕ ಕರಿತೀನಿ."

ಅವ್ವನ ಕೈ ನಿಂತಿತು. "ಎಲ್ಲಿ ಕೂಡಸ್ತಿ?"

"ಒಳಗ. ನನ್ನ ಬಾಜು."

ಅವ್ವ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. "ಕರಿ. ನಿಮ್ಮ ದೊಡ್ಡಪ್ಪಗ ನಾ ಹೇಳ್ತೀನಿ" ಎಂದಳು. ಅವಳ ಕಣ್ಣಿನಲ್ಲಿ ನನ್ನ ಬಗ್ಗೆ ಅಷ್ಟು ಹೆಮ್ಮೆ ನಾನು ಎಂದೂ ಕಂಡಿರಲಿಲ್ಲ. ನಾನು ಆ ಹೆಮ್ಮೆಯನ್ನು ಬೇಡ ಎನ್ನಲಿಲ್ಲ. ಬಿಟ್ಟಿ ಸಿಕ್ಕದ್ದು, ಇಟ್ಟುಕೊಂಡೆ.

ಈಗ ದೊಡ್ಡಪ್ಪನ ವಿಷಯ. ನಮ್ಮ ಮನೆಯಲ್ಲಿ ಊಟಕ್ಕೆ ಎಲ್ಲರೂ ಪಡಸಾಲೆಯ ನೆಲದ ಮೇಲೆ ಎದುರುಬದುರು ಸಾಲಾಗಿ, ಚಕ್ಕಳಮಕ್ಕಳ ಹಾಕಿ ಕೂರಬೇಕು. ಮನೆಯ ಹಿರಿಯ ಉಂಡು ಏಳುವತನಕ ಸಾಲಿನಿಂದ ಯಾರೂ ಏಳಬಾರದು. ಹಿರಿಯರಾದ ನಮ್ಮ ದೊಡ್ಡಪ್ಪನಿಗೆ ಇದ್ದದ್ದು ಆರೋ ಏಳೋ ಹಲ್ಲು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಅದು ನೆನೆಯುವತನಕ ಲೋಕದ ಸಮಾಚಾರ ಮಾತಾಡಿ, ಊಟ ಮುಗಿಸುವಷ್ಟರಲ್ಲಿ ಒಂದು ತಾಸು. ಕೆಟ್ಟ ಮೊಣಕಾಲಿನವನು ಆ ಸಾಲಿನಲ್ಲಿ ಕಾಲು ಗಂಟೆ ಕೂರಲಾರ ಎಂದು ನನ್ನ ಲೆಕ್ಕಾಚಾರ. ಕೂತನೋ, ಸಿಕ್ಕಿಬಿದ್ದ.

ಭಾನುವಾರ ಮಾರೆಪ್ಪ ಒಗೆದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದ. ಅಂಗಳದಲ್ಲಿ ಕಾಲು ತೊಳೆದ. ತೊಳೆದ, ಮತ್ತೆ ತೊಳೆದ, ಅವ್ವ ಒಳಗಿನಿಂದ "ಸಾಕು ಬಾರಪ್ಪಾ" ಎನ್ನುವತನಕ ತೊಳೆದ. ಅವನು ಕೂರುವುದನ್ನು ನಾನು ಅಂಪೈರಿನ ಹಾಗೆ ನೋಡಿದೆ. ಬಲಗಾಲು ಬಗ್ಗಿಸಿ, ಎಡಗೈಯನ್ನು ನೆಲಕ್ಕೆ ಊರಿ, ನಿಧಾನವಾಗಿ ಎಡಗಾಲನ್ನೂ ಮಡಚಿ ಕೂತ. ಮುಖದಲ್ಲಿ ಏನೂ ಇಲ್ಲ.

ದೊಡ್ಡಪ್ಪ ಎದುರಿಗೇ ಕೂತಿದ್ದರು. "ಯಾವೂರಪ್ಪಾ?" ಎಂದರು.

"ಕಲ್ಲೂರ್ರಿ."

"ಕಲ್ಲೂರಾಗ ಯಾರ ಪೈಕಿ?"

ಮಾರೆಪ್ಪ ತಾಟು ನೋಡಿಕೊಂಡು "ಊರ ಹೊರಗಿನ ಓಣಿಯವರ್ರಿ ಯಪ್ಪಾ" ಎಂದ.

ದೊಡ್ಡಪ್ಪನಿಗೆ ಅವ್ವ ಮೊದಲೇ ಹೇಳಿದ್ದಳು. ಹೇಳಿದ್ದನ್ನು ಕೇಳುವುದು ಬೇರೆ, ಎದುರಿಗೆ ಕೂತವನ ಬಾಯಿಂದ ಕೇಳುವುದು ಬೇರೆ. ದೊಡ್ಡಪ್ಪ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದರು. ಆಮೇಲೆ ಅವ್ವನ ಕಡೆ ತಿರುಗಿ "ಆತನ ತಾಟಿಗೆ ಇನ್ನೊಂದು ರೊಟ್ಟಿ ಹಾಕವ್ವಾ" ಎಂದರು. ಅವ್ವ ಹಾಕಿದಳು, ಪುಂಡಿ ಪಲ್ಯದ ಮೇಲೆ ಹಸಿ ಎಣ್ಣೆಯನ್ನೂ ಬಿಟ್ಟಳು. ನಾನು ಇದ್ಯಾವುದನ್ನೂ ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣು ಅವನ ಎಡ ಮೊಣಕಾಲಿನ ಮೇಲೆ ಇತ್ತು. ಊಟ ಬೇಗ ಮುಗಿದೀತೆಂದು ಅನ್ನ ಕೇಳಿದೆ, ಮಜ್ಜಿಗೆ ಕೇಳಿದೆ, ಚಟ್ನಿ ಕೇಳಿದೆ. ಒಂದು ತಾಸು ಅವನು ಕಾಲು ಕದಲಿಸಲಿಲ್ಲ.

ದೊಡ್ಡಪ್ಪ ಎದ್ದರು. ಅವರ ಕೈಗೆ ನೀರು ಹಾಕುವುದು ನನ್ನ ಕೆಲಸ. ಬಚ್ಚಲಿಗೆ ಹೋಗಿ ನೀರು ಹಾಕಿ ಬರುವಷ್ಟರಲ್ಲಿ ಮಾರೆಪ್ಪ ಎದ್ದು ಪಡಸಾಲೆಯ ಕಂಬದ ಮೇಲೆ ಕೈಯಿಟ್ಟು ನಿಂತಿದ್ದ, ಪಕ್ಕದಲ್ಲಿ ಅವ್ವ.

"ಕಂಬ ಚಲೋ ಅದಾವ್ರಿ ಚಂದ್ರಣ್ಣ. ಸಾಗವಾನಿ ಏನ್ರಿ?" ಎಂದ.

ಸಿಕ್ಕಿಬಿದ್ದ ಮೇಲೆ ಮಾತು ಮರೆಸುತ್ತಾನೆ ಎಂದುಕೊಂಡೆ.

ಮರುದಿನ ಪಿ.ಟಿ. ಮಾಸ್ತರ ಹತ್ತಿರ ಹೋದೆ. ದೂರು ಹೇಳಲಿಲ್ಲ, ಸುದ್ದಿ ಹೇಳಿದೆ ಎಂದು ನನ್ನನ್ನೇ ನಂಬಿಸಿಕೊಂಡೆ. ನನ್ನನ್ನು ನಂಬಿಸುವುದು ಇನ್ನೊಬ್ಬರಿಗೆ ಎಷ್ಟು ಕಷ್ಟವೋ ನನಗೆ ಅಷ್ಟು ಸುಲಭ. "ಸರ, ನಿನ್ನಿ ಮಾರೆಪ್ಪ ನಮ್ಮನ್ಯಾಗ ಒಂದು ತಾಸು ಚಕ್ಕಳಮಕ್ಕಳ ಹಾಕಿ ಕುಂತು ಉಂಡ್ರಿ" ಎಂದೆ.

"ಒಂದು ತಾಸು ಕುಂತನಾ?"

"ಕುಂತ್ರಿ. ಮಿಸುಗಾಡ್ಲಿಲ್ರಿ."

ಮಾಸ್ತರು ಮತ್ತೇನೂ ಕೇಳಲಿಲ್ಲ. ಅವರಿಗೂ ಮೂವತ್ತು ವರ್ಷದ ಸುಳ್ಳು ಮೊಣಕಾಲುಗಳ ಅನುಭವ ಇತ್ತು. ಸಂಜೆ ಮಾರೆಪ್ಪ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ಆಡ್ತೀನ್ರಿ ಚಂದ್ರಣ್ಣ" ಎಂದ. ನೋಡಿದಿರಾ, ತಪ್ಪಿಸಿಕೊಳ್ಳುವ ಬಾಗಿಲು ಮುಚ್ಚಿದ್ದಕ್ಕೆ ಎಂಥ ಮೊಣಕಾಲು ವಾಸಿಯಾಯಿತು ಎಂದು ನಾನು ಖುಷಿಪಟ್ಟೆ.

ಮಾನ್ವಿಯ ಪಂದ್ಯದಲ್ಲಿ ಮೊದಲ ಗೇಮ್ ನಾವು ಗೆದ್ದೆವು, ಎರಡನೆಯದು ಸೋತೆವು. ಕಾರ್ಖಾನೆಯವರಿಬ್ಬರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂರನೆಯದರಲ್ಲಿ ನಾವು ನಾಲ್ಕು ಪಾಯಿಂಟು ಹಿಂದೆ ಇದ್ದಾಗ ಒಂದು ಚೆಂಡು ನನ್ನ ತಲೆಯ ಮೇಲೆ ಹೋಯಿತು. ಹಿಂದೆ ಮಾರೆಪ್ಪ ತಿರುಗಿದ ಸದ್ದು ಕೇಳಿತು, ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದರೆ ಎಡಗಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮೊರಮಿನ ಮೇಲೆ ಮಗ್ಗುಲಾಗಿ ಮಲಗಿದ್ದ. ಆಟ ನಿಂತಿತು, ರೂಢಿಯಂತೆ ಚಹಾ ಬಂತು.

ನಾನು ಆಗ ಏನು ಅಂದುಕೊಂಡೆ ಎಂಬುದನ್ನು ಬರೆಯಲು ಕೈ ಹಿಂಜರಿಯುತ್ತದೆ. ಒಳ್ಳೆ ಹೊತ್ತು ನೋಡಿ ಕೂತ, ಶಾಣ್ಯಾ ಇದ್ದಾನೆ ಅಂದುಕೊಂಡೆ. ನನ್ನ ಚಹಾ ಕುಡಿದು ಮುಗಿಸಿ ಅವನ ಕಿವಿಯ ಹತ್ತಿರ ಬಗ್ಗಿ "ಸಾಕು ಏಳಲೇ, ಚಹಾ ಆತು" ಎಂದೆ.

ಅವನು ಕಣ್ಣು ಮುಚ್ಚಿಕೊಂಡೇ "ಬಿಚ್ಚವಲ್ದ್ರಿ" ಎಂದ.

ಮಡಚಿದ ಕಾಲು ಮಡಚಿದಂತೆಯೇ ಇತ್ತು. ಅವನನ್ನು ಎತ್ತಿಕೊಂಡು ಹೋದವರಲ್ಲಿ ಮಾನ್ವಿ ತಂಡದ ನಾಯಕನೂ ಒಬ್ಬ. ಬಸ್ ಸ್ಟ್ಯಾಂಡಿನಲ್ಲಿ ಏನು ಮಾತಾಡಿದ್ದಿರಿ ಎಂದು ಅವನನ್ನು ಆಮೇಲೆ ಕೇಳಿದೆ. "ನಮ್ಮೂರಾಗ ಎಲುಬು ನೋಡೋ ಮುದುಕ ಒಬ್ಬಾತ ಅದಾನ್ರಿ. ಹೋಗಿ ತೋರಿಸು, ಇಂಥಾ ಕಾಲು ಇಟಗೊಂಡು ಆಡಬ್ಯಾಡ ಅಂತ ಹೇಳಿದ್ದೆ" ಎಂದ. ಎದುರಾಳಿ ತಂಡದವನು ಹೇಳಿದ್ದು ಅದು. ಜೋಡಿ ಆಟಗಾರ ಹೇಳಿದ್ದು ಏನು ಎಂದು ನಿಮಗೆ ಈಗಾಗಲೇ ಗೊತ್ತು.

ಎರಡು ಎಲುಬಿನ ನಡುವೆ ಗಾದಿಯಂಥದ್ದೊಂದು ಇರುತ್ತದಂತೆ, ಅದು ಮೊದಲು ಸ್ವಲ್ಪ ಹರಿದಿತ್ತು, ಈಗ ಪೂರ್ತಿ ಹರಿದಿದೆ ಎಂದು ದೊಡ್ಡ ದವಾಖಾನೆಯಲ್ಲಿ ಹೇಳಿದರು. ಮಾರೆಪ್ಪ ಮತ್ತೆ ಬ್ಯಾಟು ಹಿಡಿಯಲಿಲ್ಲ. ಕಾರ್ಖಾನೆಯವರು ಬೇರೆ ಜೋಡಿಯನ್ನು ಆರಿಸಿಕೊಂಡು ಹೋದರು. ಅವನು ಶಿಕ್ಷಕರ ತರಬೇತಿಗೆ ಸೇರಿ, ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಮಾಸ್ತರನಾದ. ನಾನು ಪರೀಕ್ಷೆ ಬರೆದು ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಎದೆಯಲ್ಲಿ ಮುಳ್ಳು ಆಡಿದಾಗೆಲ್ಲ ನನಗೆ ನಾನೇ ಒಂದು ಮಾತು ಹೇಳಿಕೊಳ್ಳುತ್ತಿದ್ದೆ: ನನ್ನದೇನು ತಪ್ಪು, ಅವನು ಅವತ್ತು ಕೂತಿದ್ದು ಸುಳ್ಳೇ? ಹನ್ನೆರಡು ವರ್ಷ ಈ ಒಂದು ಪುರಾವೆಯ ಮೇಲೆ ನಿದ್ದೆ ಮಾಡಿದೆ. ನನ್ನ ಹೆಸರನ್ನು ಮಾಸ್ತರು ಅವನಿಗೆ ಹೇಳಿದರೋ ಇಲ್ಲವೋ ಎಂಬ ಗುಮಾನಿ ಮಾತ್ರ ಹೋಗಲಿಲ್ಲ. ಹಾಗಾಗಿ ಅವನನ್ನು ನೋಡಲೂ ಹೋಗಲಿಲ್ಲ.

ಮೊನ್ನೆ ಯುಗಾದಿ ಆದಮೇಲೆ ಒಂದು ಸಂಜೆ, ಕಚೇರಿಯ ಅಂಗಳದಲ್ಲಿ ಹಳೇ ಚಟಕ್ಕೆ ಆಡುತ್ತಿದ್ದಾಗ, ಚೆಂಡು ನನ್ನ ತಲೆಯ ಮೇಲೆ ಹೋಯಿತು. ಹಿಂದೆ ಮಾರೆಪ್ಪ ಇರಲಿಲ್ಲ. ನಾನೇ ತಿರುಗಿದೆ. ಒಳಗೆ ಟಕ್ ಅಂತು. ಪಕ್ಕದವನನ್ನು ಕೇಳಿದೆ, ಅವನಿಗೆ ಕೇಳಿಸಿರಲಿಲ್ಲ.

ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಕಚೇರಿಗೆ ತಪಾಸಣೆಯವರು ಬರುವ ತಿಂಗಳು. ನಾನು ರಜೆ ಕೇಳಿದರೆ ಹೆಡ್ ಕ್ಲರ್ಕು ನನ್ನ ಕಾಲನ್ನು ಮೇಲಿನಿಂದ ಕೆಳಗೆ ನೋಡಿ, "ಅಲ್ರಿ, ಮುಂಜಾನಿ ಕುಂಟತೀರಿ, ಮಧ್ಯಾಹ್ನ ಚಲೋ ನಡಿತೀರಿ, ಸಂಜಿಕ ಮತ್ತ ಕುಂಟತೀರಿ. ಇದೆಂಥಾ ಮೊಣಕಾಲ್ರಿ ನಿಮ್ಮದು?" ಎಂದರು. ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ.

ಆ ಭಾನುವಾರ ಪಡಸಾಲೆಯಲ್ಲಿ ಊಟಕ್ಕೆ ಕೂತೆ. ಹಲ್ಲು ಕಚ್ಚಿ ಕೂತರೆ ಕೂರಬಹುದು, ಆಶ್ಚರ್ಯವಾಯಿತು. ಏಳುವಾಗ ಗೊತ್ತಾಯಿತು. ಮಡಚಿದ ಕಾಲು ಬಿಚ್ಚದು, ಊರಿದರೆ ಕಣ್ಣು ಕತ್ತಲೆ. ತೆವಳಿಕೊಂಡು ಹೋಗಿ ಕಂಬವನ್ನು ತಬ್ಬಿ ಎದ್ದೆ. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅವ್ವ ತಲೆಯೆತ್ತಿ ನೋಡಿದಳು. ಈಗ ಅವಳಿಗೂ ವಯಸ್ಸಾಗಿದೆ.

"ಆತನೂ ಅದ ಕಂಬ ಹಿಡಿದಿದ್ದ" ಎಂದಳು.

"ಯಾರು?"

"ಮಾರೆಪ್ಪ. ನೀ ದೊಡ್ಡಪ್ಪನ ಕೈಗೆ ನೀರು ಹಾಕಾಕ ಹೋಗಿದ್ಯಲ್ಲ, ಆವಾಗ. ಏಳಾಕ ಬರವಲ್ದು, ಕಾಲು ಬಿಚ್ಚವಲ್ದು. ಹೆಗಲ ಮ್ಯಾಲಿನ ಟವೆಲ್ ಬಾಯಾಗ ಕಚಗೊಂಡು ಕಂಬ ಹಿಡದು ಎದ್ದ. ಕಣ್ಣಾಗ ನೀರು ಬಂದಿದ್ವು. ಯಾಕಪ್ಪಾ, ಕಾಲು ಚಾಚಿ ಕೂಡಬೇಕಿಲ್ಲೋ ಅಂದೆ."

"ಏನಂದ?"

"ಯಪ್ಪಾನವ್ರು ಎದುರಿಗಿ ಕುಂತಿದ್ರು, ಅವರ ತಾಟಿನ ಕಡಿ ಹೆಂಗ ಕಾಲು ಚಾಚಲಿ ಯವ್ವಾ ಅಂದ. ಯಾರಿಗೂ ಹೇಳಬ್ಯಾಡ್ರಿ, ಕೂಡಾಕ ಬರಂಗಿಲ್ಲ ಅಂತ ಗೊತ್ತಾದ್ರ ಮುಂದ ನನ್ನ ಒಳಗ ಕರಿಯಂಗಿಲ್ಲ ಅಂದ. ಮಾತು ಕೊಟ್ಟಿದ್ದೆ ನೋಡು, ನಿನಗೂ ಹೇಳಲಿಲ್ಲ." ಅವ್ವ ಬತ್ತಿಯನ್ನು ತಟ್ಟೆಗೆ ಹಾಕಿದಳು. "ನೀ ಅಷ್ಟು ಚಂದ ಮನಸು ಮಾಡಿ ಕರದಿದ್ದಿ."

ನಾನು ಕಂಬ ಬಿಡಲಿಲ್ಲ. ನನಗೆ ಅಷ್ಟು ನಾಚಿಕೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ. ಹಾಲು, ಗಂಟು, ಚೆಂಡು, ಕಾಲು ಎಲ್ಲವನ್ನೂ ಪರೀಕ್ಷೆ ಮಾಡಿದ ಮನುಷ್ಯ ನಾನು. ಒಬ್ಬ ಕೂರುವುದನ್ನು ಒಂದು ತಾಸು ಕಣ್ಣು ಮಿಟುಕಿಸದೆ ನೋಡಿದ್ದೆ, ಏಳುವ ಹೊತ್ತಿಗೆ ಬಚ್ಚಲಿಗೆ ಹೋಗಿದ್ದೆ. ಅವ್ವನಿಗೆ ನಿಜ ಹೇಳುವ ಧೈರ್ಯ ನನಗೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಅವಳಿಗೆ ಓದಲು ಬರುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನ ಭಾನುವಾರ, ಹೊಸ ಪಟ್ಟಿ ಹಾಕಿಕೊಂಡು ಮಸರಕಲ್ಲಿನ ಬಸ್ಸು ಹತ್ತಿದೆ. ಮಾರೆಪ್ಪನ ತಲೆಯಲ್ಲಿ ಬಿಳಿ ಕೂದಲು ಕಾಣಿಸಿದ್ದವು. ನನ್ನನ್ನು ಕಂಡವನೇ "ಚಂದ್ರಣ್ಣ, ಬರ್ರಿ ಬರ್ರಿ" ಎಂದು ಒಳಗೆ ಕರೆದ. ಎರಡು ಖೋಲಿಯ ಮನೆ. ಅವನ ಹೆಂಡತಿ ಚಾಪೆ ಹಾಸಿ, ಊಟ ಮಾಡದೆ ಹೋಗಕೂಡದು ಎಂದು ಎರಡು ತಾಟು ಇಟ್ಟಳು. ನಾನು ಚಾಪೆಯ ಹತ್ತಿರ ನಿಂತೇ ಇದ್ದೆ. ಮಾರೆಪ್ಪ ನನ್ನ ಕಾಲಿನ ಕಡೆ ಒಮ್ಮೆ ನೋಡಿದ, ಅಷ್ಟೇ.

"ಕಾಲು ಚಾಚಿಕೊಂಡು ಕೂಡ್ರಿ. ಇಲ್ಲಿ ಯಾರೂ ಏನೂ ಅನಕೊಳ್ಳಂಗಿಲ್ಲ" ಎಂದ.

ನಾನು ಬಲಗಾಲು ಚಾಚಿ ಕೂತೆ. ಅವನು ಪಕ್ಕದಲ್ಲಿ ಎಡಗಾಲು ಚಾಚಿ ಕೂತ. ನಾಲ್ಕು ತುತ್ತು ಉಂಡೆ.

"ಮಾರೆಪ್ಪಾ, ಅವತ್ತು ಮಾಸ್ತರಿಗೆ ಹೇಳಿದಾಂವ ನಾನು."

"ಗೊತ್ತದ್ರಿ. ಮಾಸ್ತರು ಆವಾಗ ಅಂದ್ರು, ಆಡ್ಲಿಲ್ಲಂದ್ರ ತಂಡದಾಗಿಂದ ಹೆಸರು ಕಡಿತೀನಿ ಅಂತನೂ ಅಂದ್ರು."

"ನಿನ್ನ ಊಟಕ್ಕ ಕರದದ್ದೂ ಅದಕ್ಕ."

ಅವನು ರೊಟ್ಟಿ ಮುರಿದ. "ಅದೂ ಗೊತ್ತಾತ್ರಿ. ನೀವು ಉಣ್ಣಾಕತ್ತಿದ್ದಿಲ್ಲ, ನನ್ನ ಕಾಲು ನೋಡಾಕತ್ತಿದ್ರಿ."

"ಮತ್ಯಾಕ ಮಾಸ್ತರಿಗೆ ಖರೇ ಹೇಳಲಿಲ್ಲ? ನೋವು ತಡಕೊಂಡು ಕುಂತಿದ್ದೆ ಅಂತ ಒಂದು ಮಾತು ಅಂದಿದ್ರ ನಿನ್ನ ಕಾಲು ಉಳಿತಿತ್ತು."

"ಯಾಕ ತಡಕೊಂಡಿ ಅಂತ ಕೇಳ್ತಿದ್ರು. ಏನಂತ ಹೇಳ್ಬೇಕ್ರಿ? ನಿಮ್ಮಂಥವರ ಮನಿಯಾಗ ನಾ ಒಳಗ ಕುಂತು ಉಂಡದ್ದು ಅದ ಮೊದಲು." ರೊಟ್ಟಿಯ ಚೂರನ್ನು ಪಲ್ಯಕ್ಕೆ ಅದ್ದಿದ. "ನಿಮಗ ಅದು ಪರೀಕ್ಷಾ ಇತ್ರಿ. ನಿಮ್ಮವ್ವಗ ಗೊತ್ತಿದ್ದಿಲ್ಲ. ಆಕಿ ನೀಡಿದ್ದು ಊಟಾನ ಇತ್ತು. ಅದನ್ನ ಸುಳ್ಳು ಮಾಡಾಕ ಮನಸು ಬರಲಿಲ್ಲ."

ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟೆ. ಅವನು ನೀರಿನ ಚರಿಗೆಯನ್ನು ನನ್ನ ಕಡೆ ಸರಿಸಿದ, ಹೆಂಡತಿಗೆ ಇನ್ನೊಂದು ರೊಟ್ಟಿ ಹಾಕಲು ಹೇಳಿದ. ಅವಳು ಹಾಕಿದಳು. ನಾನು ಉಂಡೆ.

ಊಟ ಮುಗಿಯಿತು. ಆ ಮನೆಯಲ್ಲಿ ಕಂಬವಿರಲಿಲ್ಲ. ಮಾರೆಪ್ಪ ನನ್ನ ಹೆಗಲು ಹಿಡಿದ, ನಾನು ಅವನದು ಹಿಡಿದೆ. ನನ್ನ ಕಾಲು ಹೇಗೋ ಬಂತು. ಅವನದು ಬರಲಿಲ್ಲ. ತುಟಿ ಕಚ್ಚಿ, ಕಣ್ಣು ಮುಚ್ಚಿ, ಎರಡು ಸಲ ಅರ್ಧಕ್ಕೇ ಕೂತು, ಮೂರನೆಯ ಸಲ ನನ್ನ ಹೆಗಲ ಮೇಲೆ ಭಾರ ಹಾಕಿ ಎದ್ದ. ಹನ್ನೆರಡು ವರ್ಷ ತಡವಾಗಿ, ಮಾರೆಪ್ಪ ಏಳುವುದನ್ನು ನಾನು ನೋಡಿದೆ.